ಕಬ್ಬಿಣದ ಮನುಷ್ಯರ ಮಹಜರು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರ ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತನಾಗಿದ್ದೆ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಮೂರು ತಾಲ್ಲೂಕಿನವರು ಮಾತ್ರ ನಗುತ್ತಾರೆ. ಹೇಳದಿದ್ದರೆ ನಾಲ್ಕು ತಾಲ್ಲೂಕಿನವರೂ ಪಕ್ಕದವರ ಕಥೆಯೆಂದುಕೊಂಡು ನೆಮ್ಮದಿಯಾಗಿ ನಗಬಹುದು. ಒಂದು ಮಾತನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ೧೯೮೬ರ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿಗೆ ಸಮುದ್ರ ನುಗ್ಗಿದೆಯೆಂದು ಮೇಲಿನವರು ನಂಬಿದ್ದಕ್ಕೆ ಗ್ರಾಮ ಲೆಕ್ಕಿಗ ಕ್ಯಾತಪ್ಪನೊಬ್ಬನೇ ಕಾರಣನಲ್ಲ. ಅದರಲ್ಲಿ ನನ್ನದೂ ಒಂದು ಪಾಲಿದೆ.

ಕ್ಯಾತಪ್ಪ ಹತ್ತೊಂಬತ್ತು ವರ್ಷದಿಂದ ಮಹಜರು ಬರೆದುಕೊಂಡು ಬಂದವನು. ಎಲ್ಲಿ ಏನು ಹಾನಿಯಾದರೂ ಆ ಜಾಗಕ್ಕೇ ಹೋಗಿ, ಊರಿನ ಮೂರು ಜನರನ್ನು ಪಂಚರೆಂದು ಕೂರಿಸಿಕೊಂಡು, ಜಾಗದ ನಾಲ್ಕು ದಿಕ್ಕಿಗೆ ಏನೇನಿದೆಯೆಂದು ಚಕ್ಕುಬಂದಿ ಹಾಕಿ, ಕಣ್ಣಾರೆ ಕಂಡದ್ದನ್ನು ಬರೆದು, ಸಹಿ ಹೆಬ್ಬೆಟ್ಟು ಹಾಕಿಸುತ್ತಿದ್ದ. ಸಿಡಿಲು ಬಡಿದ ಹುಣಸೆಮರ, ಹಂದಿ ಮೇಯ್ದ ಕಡಲೆಕಾಯಿ ಹೊಲ, ಬಿರುಗಾಳಿಗೆ ಹಾರಿಹೋದ ಶಾಲೆಯ ಶೀಟು, ಎಲ್ಲವೂ ಅವನ ಅಕ್ಷರದಲ್ಲಿ ದಾಖಲಾಗಿದ್ದವು. ತಾನು ಸುಳ್ಳು ಮಹಜರು ಬರೆದವನಲ್ಲ ಎಂಬ ಒಂದೇ ಒಂದು ಜಂಬ ಅವನಿಗಿತ್ತು. ಆ ಜಂಬವನ್ನು ಅವನು ದಿನಕ್ಕೆ ನಾಲ್ಕು ಸಲವಾದರೂ ನನ್ನ ಮೇಜಿನ ಮುಂದೆ ನಿಂತು ಹೇಳುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಹೀಗಿರುವಾಗ ಟೆಂಟ್ ಸಿನಿಮಾದ ಮಾಲೀಕ ರುದ್ರಯ್ಯನವರಿಂದ ಒಂದು ಅರ್ಜಿ ಬಂತು. ಸಂತೆಬೀದಿಯ ಅಮೀರ್ ಬಿ ಎಂಬಾಕೆ ತನ್ನ ಹಳೆಯ ಕಡಲೆಕಾಯಿ ಗೋದಾಮಿನಲ್ಲಿ ವಿಡಿಯೋ ಇಟ್ಟಿದ್ದಾಳೆ, ಯಾರಿಗೂ ಅರ್ಥವಾಗದ ಹೊರದೇಶದ ಭಾಷೆಯ ಕ್ಯಾಸೆಟ್ಟು ತೋರಿಸುತ್ತಿದ್ದಾಳೆ, ಅದರಲ್ಲಿ ದೊಡ್ಡ ದೊಡ್ಡ ಆಳುಗಳು ಮೈಮೇಲೆ ಒಂದು ನೂಲೂ ಇಲ್ಲದೆ ಹಾಡಹಗಲಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಆದ್ದರಿಂದ ಗೋದಾಮಿಗೆ ಬೀಗಮುದ್ರೆ ಹಾಕಬೇಕು ಎಂದು ಪ್ರಾರ್ಥನೆ.

ಅರ್ಜಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಮೀರ್ ಬಿಯ ತಮ್ಮ ಕುವೈತಿನಿಂದ ಒಂದು ಟಿವಿ, ಒಂದು ವಿಸಿಆರು, ಮೂರು ಕ್ಯಾಸೆಟ್ಟು ಕಳಿಸಿದ್ದ. ಎರಡು ಕ್ಯಾಸೆಟ್ಟಿನ ರೀಲನ್ನು ಮಿಷನ್ನೇ ನುಂಗಿತ್ತು. ಉಳಿದದ್ದು ಜಪಾನಿನ ಒಂದು ಬೊಂಬೆ ಚಿತ್ರ, ಅಂದರೆ ಕಾರ್ಟೂನು. ಐವತ್ತೇ ನಿಮಿಷದ್ದು. ಅದರ ತುಂಬ ಕಬ್ಬಿಣದ ದೈತ್ಯ ಆಳುಗಳ ಯುದ್ಧ. ಕಬ್ಬಿಣದವರು ಬಟ್ಟೆ ಹಾಕಿಕೊಳ್ಳುವುದಿಲ್ಲ ಎಂಬುದು ನಿಜ. ಗಂಡ ತೀರಿಹೋದ ಮೇಲೆ ಅಮೀರ್ ಬಿ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳ ಒಲೆ ಉರಿಯುತ್ತಿದ್ದುದು ಆ ಒಂದು ಕ್ಯಾಸೆಟ್ಟಿನಿಂದ. ಗೋದಾಮಿಗೆ ಬೀಗ ಬಿದ್ದರೆ ಆ ಒಲೆಯೂ ಆರಿತು ಎಂದೇ ಅರ್ಥ.

ನಮ್ಮ ತಹಸೀಲ್ದಾರ್ ನಾಗಲಿಂಗಯ್ಯನವರಿಗೆ ಅರ್ಜಿ ಓದಿದ ಕೂಡಲೇ ನೈತಿಕತೆ ಉಕ್ಕಿ ಬಂತು. ರುದ್ರಯ್ಯನವರ ಟೆಂಟಿನಲ್ಲಿ ಸಾಹೇಬರ ಮನೆಯವರಿಗೆಂದೇ ಒಂದು ಬೆಂಚು ಮೀಸಲಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾವೆಲ್ಲ ನಂಬಿದೆವು, ನಂಬದೆ ಬೇರೆ ದಾರಿಯಿರಲಿಲ್ಲ. ‘ಸದರಿ ಚಿತ್ರದ ಗುಣದೋಷಗಳನ್ನು ಖುದ್ದು ಪರಿಶೀಲಿಸಿ ಶನಿವಾರದೊಳಗೆ ವರದಿ ಮಾಡುವುದು’ ಎಂದು ಅವರು ಕ್ಯಾತಪ್ಪನಿಗೆ ಆದೇಶ ಬರೆದರು. ಬಾಯಲ್ಲಿ ಇನ್ನೊಂದು ಹೇಳಿದರು.

“ನೋಡಪ್ಪಾ ಕ್ಯಾತಪ್ಪ, ದೋಷ ಸ್ವಲ್ಪ ಧಾರಾಳವಾಗಿ ಬರ್ಲಿ. ಗುಣ ಇಲ್ದೆ ಇದ್ರೂ ನಡೆಯುತ್ತೆ.”

“ಕಂಡಿದ್ದು ಬರೀತೀನಿ ಸಾ” ಎಂದ ಕ್ಯಾತಪ್ಪ.

ಅಲ್ಲಿಂದ ನೇರ ನನ್ನ ಮೇಜಿಗೆ ಬಂದ. ಮುಖ ಸಣ್ಣದಾಗಿತ್ತು. “ಗುಮಾಸ್ತ್ರೇ, ನಾನು ಹುಟ್ಟಿದಾಗಿನಿಂದ ಗುಣದೋಷ ಬರ್ದೋನಲ್ಲ. ಅದಕ್ಕೆ ಫಾರಂ ಯಾವ್ದು?”

ಆ ಹೊತ್ತಿಗೆ ನನ್ನ ಮುಂದೆ ಮೂವತ್ತು ಲಕೋಟೆ ಇದ್ದವು. ನಾನು ತಲೆಯೆತ್ತದೆ, “ನೀನು ಯಾವಾಗ್ಲೂ ಬರೆಯೋ ಹಂಗೇ ಬರಿ ಮಾರಾಯ” ಎಂದುಬಿಟ್ಟೆ. ಆ ಮಾತಿಗೆ ನಾನು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಬುಧವಾರ ಕ್ಯಾತಪ್ಪ ಗೋದಾಮಿಗೆ ಹೋದ. ಹೆಗಲ ಮೇಲೆ ಹೊಲ ಅಳೆಯುವ ಸರಪಳಿ, ಕಂಕುಳಲ್ಲಿ ಕಡತ. ಅಮೀರ್ ಬಿ ಬಾಗಿಲಲ್ಲೇ ನಿಂತಿದ್ದಳು.

“ಸಾಬ್, ಬೀಗ ತಂದಿದೀರಾ?”

“ಇಲ್ಲ ಬೀಬಮ್ಮ, ಸರಪಳಿ ತಂದಿದೀನಿ.”

ಪಂಚರನ್ನು ಅಲ್ಲೇ ಹುಡುಕಿಕೊಂಡ. ಕುರಿ ಮಾರಲು ಐ.ಡಿ.ಹಳ್ಳಿಯಿಂದ ಸಂತೆಗೆ ಬಂದಿದ್ದ ಬೋರಪ್ಪ ಒಬ್ಬ. ಪಂಪ್‌ಸೆಟ್ಟು ರಿಪೇರಿಯ ಬಾಷಾ ಸಾಬ್ ಒಬ್ಬರು. ಗೋದಾಮಿನ ಬಾಗಿಲಲ್ಲಿ ಹುರಿದ ಕಡಲೆಕಾಯಿ ಮಾರುವ ಈರಕ್ಕ ಮೂರನೆಯವಳು. ಈರಕ್ಕ ಬಾಗಿಲ ಸಂದಿನಿಂದಲೇ ಆ ಚಿತ್ರವನ್ನು ಹನ್ನೊಂದು ಸಲ ನೋಡಿದ್ದಳು. ಆದರೆ ಕೊನೆ ನೋಡಿರಲಿಲ್ಲ. ಯಾಕೆಂದರೆ ಹಗಲು ಹೊತ್ತು ಕರೆಂಟು ಬರುತ್ತಿದ್ದುದು ಮುಕ್ಕಾಲು ಗಂಟೆ ಮಾತ್ರ. ಮುಕ್ಕಾಲು ಗಂಟೆಯ ಕರೆಂಟಿನಲ್ಲಿ ಐವತ್ತು ನಿಮಿಷದ ಚಿತ್ರ ಎಷ್ಟು ಒತ್ತಿದರೂ ಹಿಡಿಸುತ್ತಿರಲಿಲ್ಲ.

“ರಾತ್ರಿ ಬನ್ನಿ ಸಾಬ್, ಪೂರಾ ತೋರಿಸ್ತೀನಿ” ಎಂದಳು ಅಮೀರ್ ಬಿ.

“ಹೊತ್ತು ಮುಳುಗಿದ ಮೇಲೆ ಮಹಜರು ಮಾಡಂಗಿಲ್ಲ ಬೀಬಮ್ಮ.”

“ಹಂಗಾದ್ರೆ ಕೊನೆ ನಾನೇ ಬಾಯಲ್ಲಿ ಹೇಳ್ತೀನಿ, ಕೇಳಿ.”

ಕ್ಯಾತಪ್ಪ ಎರಡೂ ಕಿವಿ ಮುಚ್ಚಿಕೊಂಡ. “ಹೇಳ್ಬ್ಯಾಡಿ! ಕೇಳಿದ್ದು ಮಹಜರಿಗೆ ಬರಲ್ಲ. ಕಂಡಿದ್ದು ಮಾತ್ರ.”

ಕಿಟಕಿಗೆ ಗೋಣಿತಾಟು ಇಳಿಬಿಟ್ಟು ಚಿತ್ರ ಹಾಕಿದರು. ಮೊದಲು ಸಮುದ್ರ ಕಂಡಿತು. ಸಮುದ್ರದಿಂದ ಸೂರ್ಯ ಎದ್ದ. ದಡದಲ್ಲೊಂದು ಊರು. ಜಡೆಯ ಹುಡುಗಿಯೊಬ್ಬಳು ಸೈಕಲ್ಲು ತಳ್ಳಿಕೊಂಡು ಸೇತುವೆ ದಾಟಿ, ಆಚೆ ದಂಡೆಯ ಕನ್ನಡಕದ ಮುದುಕನೊಬ್ಬನ ಅಂಗಡಿಯಲ್ಲಿ ಚೈನು ಹಾಕಿಸಿಕೊಂಡಳು. ಅಷ್ಟರಲ್ಲಿ ಎಲ್ಲೋ ಕೂಗು ಎದ್ದಿತು. ಈ ದಂಡೆಯಿಂದ ನೀಲಿ ಬಣ್ಣದ ಕಬ್ಬಿಣದ ಆಳುಗಳು, ಆ ದಂಡೆಯಿಂದ ಕೆಂಪು ಬಣ್ಣದವು ಎದ್ದು ಬಂದವು. ಹುಡುಗಿ ಒಂದು ನೀಲಿ ಆಳಿನ ಹೊಟ್ಟೆಯೊಳಗೆ ಹತ್ತಿ ಕೂತಳು. ಮುದುಕನನ್ನು ಎಳೆದುಕೊಂಡು ಹೋಗಿ ಕೆಂಪು ಆಳಿನ ಹೊಟ್ಟೆಗೆ ತುರುಕಿದರು. ಅಲ್ಲಿಂದ ಮುಂದೆ ಊರು ಉರುಳತೊಡಗಿತು.

“ನಿಲ್ಸಿ!” ಎಂದ ಕ್ಯಾತಪ್ಪ.

ಅಮೀರ್ ಬಿ ಗುಂಡಿ ಒತ್ತಿದಳು. ಚಿತ್ರ ನಡುಗುತ್ತಾ ನಿಂತಿತು. ಅವನು ಕಡತ ಬಿಚ್ಚಿ, “ಚಕ್ಕುಬಂದಿ ಆಗ್ಲಿಲ್ಲ” ಎಂದ.

“ಗೋಡೌನಿಂದಾ?” ಎಂದರು ಬಾಷಾ ಸಾಬ್.

“ಗೋಡೌನಲ್ಲಿ ಏನು ಹಾನಿ ಆಗೈತೆ? ಹಾನಿ ಆಗಿರೋದು ಆ ಊರಾಗೆ. ಚಕ್ಕುಬಂದೀನೂ ಆ ಊರಿಂದೇ ಆಗ್ಬೇಕು. ಸೂರ್ಯ ಎಲ್ಲಿ ಹುಟ್ದ?”

“ನೀರಾಗೆ ಹುಟ್ದ” ಎಂದ ಬೋರಪ್ಪ.

“ಅಂಗಾದ್ರೆ ಪೂರ್ವಕ್ಕೆ ಸಮುದ್ರ.” ಕ್ಯಾತಪ್ಪ ಬರೆದುಕೊಂಡ. ಪಶ್ಚಿಮಕ್ಕೆ ಗುಡ್ಡ, ಉತ್ತರಕ್ಕೆ ಸೇತುವೆ ಮತ್ತು ಹೆಸರು ತಿಳಿಯದ ಕನ್ನಡಕದವರ ಸೈಕಲ್ ಶಾಪು, ದಕ್ಷಿಣಕ್ಕೆ ರೈಲುಹಳಿ. ಇಷ್ಟು ಬರೆದು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಗುರುವಾರ ಅಳತೆ ನಡೆಯಿತು. ಹುಡುಗಿ ನೀಲಿ ಆಳಿನ ಪಾದದ ಪಕ್ಕ ನಿಂತ ಕಡೆ ಚಿತ್ರ ನಿಲ್ಲಿಸಿ, ಸರಪಳಿ ದೊಡ್ಡದಾಯಿತೆಂದು ದರ್ಜಿಯ ಟೇಪು ತರಿಸಿ, ಟಿವಿಯ ಗಾಜಿನ ಮೇಲೆ ಹಿಡಿದ. ಹುಡುಗಿ ಅರ್ಧ ಇಂಚು, ಆಳು ಒಂಬತ್ತು ಇಂಚು. ಹುಡುಗಿ ಐದಡಿಯೆಂದರೆ ಆಳು ತೊಂಬತ್ತು ಅಡಿ.

“ಎರಡು ತೆಂಗಿನಮರ ಒಂದ್ರ ಮ್ಯಾಲೊಂದು ನಿಲ್ಸಿದಂಗಾಯ್ತು” ಎಂದು ಬೋರಪ್ಪ ಬೆರಗಾದ. “ಇಂಥದ್ದು ಒಂದಿದ್ರೆ ಕುರಿ ಕಾಯಕ್ಕೆ ಸುಖ ಕಣ್ಲಾ. ಕುಂತಲ್ಲೇ ನಾಕು ಊರು ಕಾಣ್ತದೆ.”

ಶುಕ್ರವಾರ ಗುಣದೋಷದ ವಿಚಾರಣೆ. ಕ್ಯಾತಪ್ಪ ಪಂಚರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದ. ಸಂತೆಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು.

ಬಾಷಾ ಸಾಬ್ ಎದೆಯುಬ್ಬಿಸಿ ಹೇಳಿದರು. “ಬರೀರಿ ಸಾಬ್. ಚಿತ್ರ ಬರ್ದೋನು ಯಾರೋ ಉಸ್ತಾದ್. ಕೀಲು ಕೀಲಿಗೂ ಬೋಲ್ಟು ಹಾಕವ್ನೆ. ಮಂಡಿ ಬಗ್ಗಿದ್ರೆ ಆಯಿಲ್ ಸೋರ್ತದೆ, ಕೆಸ್ರಾಗೆ ಕಾಲು ಹೂತ್ಕೊಂತದೆ, ಹೊಡ್ದಾಡಿ ಹೊಡ್ದಾಡಿ ಮಿಷನ್ನಿಗೂ ಉಸ್ರು ಹತ್ತುತ್ತದೆ. ನಾನು ಮೂವತ್ತು ವರ್ಷ ಮೋಟ್ರು ಬಿಚ್ಚಿದೋನು. ಮಿಷನ್ನು ದಣಿಯೋದನ್ನ ಇಷ್ಟು ಸಾಫಾಗಿ ತೋರ್ಸಿದೋರ್ನ ನೋಡ್ಲಿಲ್ಲ.”

“ಇದು ಗುಣ” ಎಂದು ಕ್ಯಾತಪ್ಪ ಬರೆದ. “ಬೋರಪ್ಪ, ನಿಂದು?”

“ದೋಷ ಐತೆ. ಹೊಡೆದಾಡೋ ಹೊತ್ನಾಗೆ ಹೊಟ್ಟೆ ಒಳ್ಗೆ ಕುಂತ್ಕಂಡು ಮಾತೇ ಮಾತು. ಅವ್ನು ಕೈ ಎತ್ತಿರ್ತಾನೆ, ಇವ್ಳು ಹತ್ತು ಮಾತಾಡ್ತಾಳೆ, ಅಲ್ಲೀಗಂಟ ಅವ್ನು ಎತ್ತಿದ ಕೈ ಎತ್ತಿದಂಗೇ ನಿಂತಿರ್ತಾನೆ. ನಮ್ಮ ಟಗರೇ ವಾಸಿ, ಸುಮ್ಕೆ ಗುದ್ದುತ್ತವೆ.”

ಈರಕ್ಕ ಕಡಲೆಕಾಯಿ ಮೊರ ಪಕ್ಕಕ್ಕಿಟ್ಟಳು. “ನಂಗೆ ಇಷ್ಟ ಆಗಿದ್ದು ಒಂದೈತೆ. ಆಟೊಂದು ಬಾಂಬು ಬೀಳ್ತಿದ್ರೂ ಒಬ್ಳು ಹೆಂಗ್ಸು ಮಾಳಿಗೆ ಮ್ಯಾಲೆ ಒಣಗಿದ ಬಟ್ಟೆ ಮಡಚ್ತಾಳೆ ನೋಡು. ಅತ್ಕಂಡು ಓಡೋದು ತೋರ್ಸಿಲ್ಲ. ಬಟ್ಟೆ ಮಡಚಿ ಎತ್ತಿಟ್ಟು ಆಮ್ಯಾಕೆ ಓಡ್ತಾಳೆ. ಹೆಂಗಸ್ರು ಅಂಗೇ ಕಣಪ್ಪ. ಆದ್ರೆ ಆ ಹುಡ್ಗಿ ಅವ್ವ ಒಂದ್ಸಲ ಬಂದೋಳು ಆಮೇಲೆ ಪತ್ತೇನೇ ಇಲ್ಲ. ಅದು ತೆಪ್ಪು. ಮಗಳು ಕಬ್ಬಿಣದ ಹೊಟ್ಟೆ ಒಳ್ಗೆ ಕುಂತವ್ಳೆ, ಅವ್ವ ಎಲ್ಲಿ ಅಂತ ಕೇಳೋರು ಬ್ಯಾಡ್ವಾ?”

ಕ್ಯಾತಪ್ಪ ತನ್ನದೂ ಒಂದು ದೋಷ ಸೇರಿಸಿದ. ಇಷ್ಟೆಲ್ಲ ಹೊಡೆದಾಟ ಯಾವ ಜಮೀನಿಗೆ, ತಕರಾರು ಯಾವ ಸರ್ವೆ ನಂಬರಿನದು ಎಂಬುದನ್ನು ಚಿತ್ರದಲ್ಲಿ ಎಲ್ಲೂ ತಿಳಿಸಿಲ್ಲ. ಇದರಲ್ಲಿ ದುಷ್ಟರು ಯಾರೆಂದು ಪಂಚರ ನಡುವೆ ಜಗಳವಾಗಿ, ಕೆಂಪಿನವನೂ ಪಾಪದವನು, ನೀಲಿಯವಳೂ ಪಾಪದವಳು, ದುಷ್ಟರು ಕಂಡುಬಂದಿಲ್ಲ ಎಂದು ಬರೆಯುವುದೆಂದು ತೀರ್ಮಾನವಾಯಿತು. ಅದು ಗುಣವೋ ದೋಷವೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ವಿಚಾರಣೆಯ ಉದ್ದಕ್ಕೂ ಚಿತ್ರ ಓಡುತ್ತಲೇ ಇತ್ತು. ನಲವತ್ತೈದನೆಯ ನಿಮಿಷದಲ್ಲಿ ಕೆಂಪು ಆಳೂ ನೀಲಿ ಆಳೂ ಮುರಿದ ಸೇತುವೆಯ ಮೇಲೆ ಎದುರುಬದುರು ನಿಂತವು, ಎರಡರ ಹೊಟ್ಟೆಯ ಬಾಗಿಲೂ ತೆರೆಯಿತು, ಕರೆಂಟು ಹೋಯಿತು.

ಶನಿವಾರ ಮಧ್ಯಾಹ್ನ ಮಹಜರು ನನ್ನ ಮೇಜಿಗೆ ಬಂತು. ಅಷ್ಟೇ ಹೊತ್ತಿಗೆ ವಾರದ ಪ್ರಕೃತಿ ವಿಕೋಪದ ಹಾನಿ ಪಟ್ಟಿಯೂ ಮೇಲಕ್ಕೆ ಹೋಗಬೇಕಿತ್ತು. ಕ್ಯಾತಪ್ಪನ ಅಕ್ಷರ, ಮೇಲೆ ‘ಮಹಜರು ಏನೆಂದರೆ’ ಎಂಬ ಒಕ್ಕಣೆ, ಕೆಳಗೆ ‘ಕಟ್ಟಡಗಳು ನಲವತ್ತೊಂಬತ್ತು ನೆಲಸಮ, ಸೇತುವೆ ಒಂದು ಮುರಿದಿದೆ’ ಎಂಬ ಸಾಲು. ನಾನು ಎರಡನೇ ಯೋಚನೆಯಿಲ್ಲದೆ ಅದನ್ನು ಹಾನಿ ಪಟ್ಟಿಗೆ ಪೋಣಿಸಿದೆ. ತಹಸೀಲ್ದಾರರು ಮಜ್ಜಿಗೆ ಕುಡಿಯುತ್ತಾ ನಲವತ್ತು ಕಾಗದಕ್ಕೆ ಒಂದೇ ಉಸಿರಿನಲ್ಲಿ ಸಹಿ ಹಾಕಿದರು. ಅವರು ಓದಲಿಲ್ಲ, ನಾನೂ ಓದಲಿಲ್ಲ. ಓದುವುದಕ್ಕೆಂದು ನಮ್ಮ ಕಚೇರಿಯಲ್ಲಿ ಬೇರೆ ಯಾರನ್ನೂ ನೇಮಿಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಟ್ರಂಕ್‌ಕಾಲ್ ಬಂತು. ಮೇಲಿನವರ ಧ್ವನಿ ನನ್ನ ಮೇಜಿನವರೆಗೂ ಕೇಳುತ್ತಿತ್ತು.

“ಏನ್ರೀ ನಾಗಲಿಂಗಯ್ಯ, ಸಮುದ್ರ ಯಾವಾಗ ಬಂತು?”

“ಯಾವ ಸಮುದ್ರ ಸಾರ್?”

“ಪೂರ್ವಕ್ಕೆ ಸಮುದ್ರ ಅಂತ ನೀವೇ ಸಹಿ ಹಾಕಿದ್ದೀರಲ್ರೀ! ನಲವತ್ತೊಂಬತ್ತು ಕಟ್ಟಡ ಹೋಗಿದೆ, ಸೇತುವೆ ಹೋಗಿದೆ. ಇಷ್ಟಾದ್ರೂ ಒಂದು ಫೋನ್ ಮಾಡಲ್ವೇನ್ರೀ? ದೋಣಿ ಕಳಿಸ್ತಾ ಇದೀವಿ. ನಾಳೆ ಏ.ಸಿ. ಸಾಹೇಬರು ಬರ್ತಾರೆ.”

ತಹಸೀಲ್ದಾರರು ಫೋನು ಇಟ್ಟು ಒಂದು ನಿಮಿಷ ಪೂರ್ವದಿಕ್ಕಿನ ಕಿಟಕಿಯನ್ನೇ ನೋಡಿದರು. ಅಲ್ಲಿ ಒಣಗಿದ ಜಾಲಿಗಿಡ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಕಡತದ ಪ್ರತಿ ತರಿಸಿ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಚಿತ್ರದ ಎರಡೂ ಪಕ್ಷದ ಬಣ್ಣಕ್ಕೆ ತಿರುಗಿತು. ಕ್ಯಾತಪ್ಪನನ್ನು ಕರೆಸಿದರು.

“ಈ ಪ್ರತೀನ ಹರಿ. ಮೇಲೆ ಹೋಗಿರೋದು ಕೈತಪ್ಪು, ಚಿತ್ರ ಅಶ್ಲೀಲವಾಗಿದೆ, ಇಷ್ಟು ಎರಡು ಸಾಲು ಬರೆದುಕೊಡು. ಇವತ್ತೇ ಗೋಡೌನಿಗೆ ಸೀಲ್ ಹಾಕಿ ಮುಗಿಸೋಣ.”

ಕ್ಯಾತಪ್ಪ ಕೈಕಟ್ಟಿ ನಿಂತಿದ್ದ. “ಆಗಲ್ಲ ಸಾ.”

“ಏನು ಆಗಲ್ಲ?”

“ನಾನು ಅಶ್ಲೀಲ ಕಾಣ್ಲಿಲ್ಲ ಸಾ. ಬೋಲ್ಟು ಕಂಡೆ, ಬಟ್ಟೆ ಮಡ್ಚೋದು ಕಂಡೆ. ಕಂಡಿದ್ದು ಬರ್ದಿದೀನಿ. ಪಂಚರು ಸಹಿ ಹಾಕವ್ರೆ. ಇನ್ನು ಅದು ನಂದಲ್ಲ, ಸರ್ಕಾರದ್ದು.”

“ಸಸ್ಪೆಂಡ್ ಆಗ್ತೀಯ!”

“ಆಗ್ತೀನಿ ಸಾ. ಆದ್ರೆ ಅಮೀರ್ ಬಿ ಒಲೆ ಮ್ಯಾಲೆ ಸುಳ್ಳು ಮಹಜರು ಹಾಕಲ್ಲ.”

ನನಗೆ ಆ ಕ್ಷಣ ಅವನ ಕಾಲು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಹಿಡಿದಿದ್ದರೆ ಹಾನಿ ಪಟ್ಟಿಗೆ ಪೋಣಿಸಿದ್ದು ಯಾರೆಂಬ ಪ್ರಶ್ನೆ ಏಳುತ್ತಿತ್ತು.

ಬುಧವಾರ ಬೆಳಗಾಗುವುದರೊಳಗೆ ಸುದ್ದಿ ನಾಲ್ಕು ತಾಲ್ಲೂಕಿಗೂ ಹಬ್ಬಿತ್ತು. ಸಮುದ್ರ ಗೌಡಗೆರೆ ದಾಟಿತಂತೆ ಎಂದು ಕೆಲವರು, ಮಧುಗಿರಿ ಬೆಟ್ಟ ಹತ್ತಿದರೆ ಅಲೆ ಕಾಣುತ್ತದಂತೆ ಎಂದು ಕೆಲವರು. ಕ್ಯಾತಪ್ಪನ ಅತ್ತೆ ಪೆದ್ದಮ್ಮ ವೈ.ಎನ್.ಹೊಸಕೋಟೆಯಿಂದ ಮೊದಲ ಬಸ್ಸಿಗೇ ಬಂದಿಳಿದಳು. ಕೈಯಲ್ಲಿ ಹಿತ್ತಾಳೆ ಚೊಂಬು, ಹೆಗಲಲ್ಲಿ ಮಡಿಸೀರೆ. ತೆಲುಗು ಬೆರೆತ ಮಾತಿನಲ್ಲಿ ಅಳಿಯನನ್ನು ಕೇಳಿದಳು.

“ಅಲ್ಲುಡೂ, ಸಮುದ್ರಂ ಎಲ್ಲೈತಪ್ಪಾ? ಒಕ್ಕ ಮುಳುಗು ಹಾಕಿ ಸಾಯಂಕಾಲಂ ಬಸ್ಸುಕಿ ಹೋಗ್ಬಿಡ್ತೀನಿ.”

“ಅತ್ತೆ, ಅದು ಟಿವಿ ಒಳ್ಗೈತೆ.”

“ಟೀವೀನಾ? ಅದ್ಯಾವ ಊರು, ಬಸ್ಸು ಪೋತದಾ?”

ಅಷ್ಟರಲ್ಲಿ ಸಂತೆಬೀದಿಗೆ ಲಾರಿ ಬಂತು. ಅದರ ಮೇಲೆ ಎರಡು ದೋಣಿ. ನಮ್ಮ ಕೆರೆಗೆ ನೀರು ಬಂದು ಆರು ವರ್ಷವಾಗಿತ್ತು. ಹೆಚ್ಚಿನವರು ದೋಣಿಯನ್ನೇ ಕಂಡಿರಲಿಲ್ಲ. ಒಬ್ಬ ಮುದುಕ ಅದನ್ನು ಸುತ್ತ ತಟ್ಟಿ ನೋಡಿ, ಕುರಿಗೆ ನೀರಿಡುವ ಬಾನಿ ಇಷ್ಟು ಉದ್ದ ಯಾಕೆಂದು ಕೇಳಿದ. ಡ್ರೈವರು ಇಳಿದು, ಬೆವರು ಒರೆಸಿಕೊಂಡು, “ನೀರೆಲ್ಲಿ ಸ್ವಾಮಿ?” ಎಂದ. ನೀರು ಕುಡಿಯಲು ಕೇಳುತ್ತಿದ್ದಾನೆಂದು ಈರಕ್ಕ ಒಂದು ಲೋಟ ತಂದುಕೊಟ್ಟಳು. ಅವನು ಅದನ್ನು ಕುಡಿದು ಮತ್ತೆ ಅದೇ ಪ್ರಶ್ನೆ ಕೇಳಿದ. ಹಿಂದೆಯೇ ಕಾಲರಾ ಚುಚ್ಚುಮದ್ದಿನ ಪೆಟ್ಟಿಗೆಯ ಸಮೇತ ವ್ಯಾನು ಬಂದು, ಎದುರಿಗೆ ಸಿಕ್ಕ ರುದ್ರಯ್ಯನವರಿಗೆ ಮೊದಲು ಚುಚ್ಚಿತು.

ಏ.ಸಿ. ಸಾಹೇಬರ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಡಬೇಕೆಂದು ತಹಸೀಲ್ದಾರರು ಅರಗು, ಬೆಂಕಿಪೊಟ್ಟಣ, ಬಿಳಿ ಬಟ್ಟೆ, ಬೀಗ ಹಿಡಿದು ಗೋದಾಮಿಗೆ ಓಡಿದರು. ನಾನು ಅರಗಿನ ಡಬ್ಬಿ ಹೊತ್ತು ಹಿಂದೆ ಓಡಿದೆ. ಬಾಗಿಲಿಗೆ ಅಡ್ಡ ಕ್ಯಾತಪ್ಪ ನಿಂತಿದ್ದ. ಒಳಗೆ ಅಮೀರ್ ಬಿ ಇಬ್ಬರು ಮಕ್ಕಳನ್ನೂ ಪಕ್ಕಕ್ಕೆಳೆದುಕೊಂಡು, ಟಿವಿಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಸರ್ಕೊಳಯ್ಯ!”

“ಮೇಲಿನೋರು ಸ್ಥಳ ತನಿಖೆಗೆ ಬರ್ತಾ ಅವ್ರೆ ಸಾ. ತನಿಖೆ ಆಗೋಗಂಟ ಸ್ಥಳ ಮುಟ್ಟಂಗಿಲ್ಲ.”

“ಇದು ಸ್ಥಳ ಅಲ್ಲ ಕಣಯ್ಯ, ಗೋಡೌನು!”

“ಯಾವುದು ಸ್ಥಳ?” ಎಂದಿತು ಹಿಂದಿನಿಂದ ಒಂದು ಒಣ ಧ್ವನಿ.

ಏ.ಸಿ. ಸಾಹೇಬರು ಬಂದಿದ್ದರು. ನಿವೃತ್ತಿಗೆ ಮೂರು ತಿಂಗಳಿದ್ದ, ನಗುವುದನ್ನು ಬಿಟ್ಟು ಮೂವತ್ತು ವರ್ಷವಾಗಿದ್ದ ಮನುಷ್ಯ. ಕಾಲಿಗೆ ಗಂಬೂಟು ಹಾಕಿಕೊಂಡಿದ್ದರು. ಗಂಬೂಟಿನ ಮೇಲೆ ನಮ್ಮ ತಾಲ್ಲೂಕಿನ ಧೂಳು ಗೇಣುದ್ದ ಕೂತಿತ್ತು.

ಕ್ಯಾತಪ್ಪ ನಮಸ್ಕಾರ ಮಾಡಿ, “ಬನ್ನಿ ಸಾ, ಸ್ಥಳ ಒಳ್ಗೈತೆ” ಎಂದು ಗೋಣಿತಾಟು ಎತ್ತಿದ.

ಸಾಹೇಬರು ಕಬ್ಬಿಣದ ಕುರ್ಚಿಯ ಮೇಲೆ ಕೂತರು. ಒಂದು ಕೈಯಲ್ಲಿ ಮಹಜರು ಹಿಡಿದು ಚಿತ್ರ ನೋಡತೊಡಗಿದರು. ಸಮುದ್ರ ಬಂದಾಗ ಮಹಜರಿನಲ್ಲಿ ಒಂದು ಗುರುತು ಹಾಕಿದರು. ಸೇತುವೆ ಬಂದಾಗ ಇನ್ನೊಂದು ಹಾಕಿದರು. ಕಟ್ಟಡ ಬಿದ್ದಂತೆಲ್ಲ ತುಟಿಯಲ್ಲೇ ಎಣಿಸಿದರು. ನಲವತ್ತೊಂಬತ್ತು ಸರಿಯಾಗಿತ್ತು. ಮಾಳಿಗೆಯ ಹೆಂಗಸು ಬಟ್ಟೆ ಮಡಚುವಾಗ ಗುರುತು ಹಾಕುವುದನ್ನು ಮರೆತರು. ಪೆದ್ದಮ್ಮ ಟಿವಿಯ ಮುಂದೆ ನೆಲದ ಮೇಲೆ ಕೂತು, ಚೊಂಬು ಮಡಿಲಲ್ಲಿಟ್ಟುಕೊಂಡು ಸಮುದ್ರಕ್ಕೆ ಕೈಮುಗಿದಳು.

ನಲವತ್ತೈದನೆಯ ನಿಮಿಷ ಬಂತು. ಎಲ್ಲರೂ ಬಲ್ಬಿನ ಕಡೆ ನೋಡಿದರು. ಬಲ್ಬು ಆರಲಿಲ್ಲ. ಪ್ರವಾಹ ಬಂದಿರುವ ಜಾಗಕ್ಕೆ ಕರೆಂಟು ತೆಗೆಯಬಾರದೆಂದು ಬೆಳಿಗ್ಗೆಯೇ ಮೇಲಿನಿಂದ ಆದೇಶ ಹೋಗಿತ್ತು. ಇಲ್ಲದ ಪ್ರವಾಹದ ದಯೆಯಿಂದ ಸಂತೆಬೀದಿಯವರು ಆ ದಿನ ಹಗಲಿನಲ್ಲಿ ಮೊದಲ ಬಾರಿಗೆ ಕೊನೆಯ ಐದು ನಿಮಿಷ ನೋಡಿದರು.

ಮುರಿದ ಸೇತುವೆಯ ಮೇಲೆ ಎರಡು ಹೊಟ್ಟೆಯ ಬಾಗಿಲೂ ತೆರೆದಿದ್ದವು. ಹುಡುಗಿ ಮುದುಕನನ್ನು ಗುರುತು ಹಿಡಿದಳು. ಮುದುಕ ಅವಳನ್ನು ಗುರುತು ಹಿಡಿದ. ಹಿಂದಿನಿಂದ ಎರಡೂ ಕಡೆಯವರು ಹೊಡೆ ಹೊಡೆ ಎಂದು ಕಿರುಚುತ್ತಿದ್ದರು, ಭಾಷೆ ಬರದಿದ್ದರೂ ಅದು ಎಲ್ಲರಿಗೂ ತಿಳಿಯಿತು. ಮುದುಕ ಮೆಲ್ಲಗೆ ಏಣಿಯಿಳಿದು ಬಂದ. ಹುಡುಗಿಯ ನೀಲಿ ಆಳಿನ ಮಂಡಿ ಕಳಚಿಕೊಂಡು ಅಲ್ಲಾಡುತ್ತಿತ್ತು. ಅವನು ಕನ್ನಡಕ ಒರೆಸಿಕೊಂಡು, ಜೇಬಿನಿಂದ ಪಾನಾ ತೆಗೆದು, ಶತ್ರುವಿನ ಮಂಡಿಯ ನಟ್ಟು ಬಿಗಿಯತೊಡಗಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಚಿತ್ರ ಮುಗಿಯಿತು.

“ಅಯ್ಯೋ!” ಎಂದರು ಬಾಷಾ ಸಾಬ್. “ಇನ್ನೊಂದ್ ಸುತ್ತು ತೋರ್ಸಿದ್ರೆ ಏನಾಗ್ತಿತ್ತು ಅವ್ರಿಗೆ?”

ಈರಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬೋರಪ್ಪ, ಹಾಳಾದ್ದು ಇಷ್ಟು ಚಿಕ್ಕದು ಮಾಡಬಾರದಿತ್ತು, ಇದೇ ದೊಡ್ಡ ದೋಷ ಎಂದು ಗೊಣಗಿದ. ತಹಸೀಲ್ದಾರರು ಮಾತ್ರ ಬೀಗ ಹಿಡಿದೇ ನಿಂತಿದ್ದರು.

“ನೋಡಿದ್ರಲ್ಲ ಸಾರ್, ಎಲ್ಲ ಬೊಂಬೆ! ಮಹಜರು ರದ್ದು ಮಾಡಿ ಸೀಲ್ ಹಾಕ್ತೀನಿ.”

ಏ.ಸಿ. ಸಾಹೇಬರು ಎದ್ದರು. ಮಹಜರಿನ ಕೊನೆಯ ಹಾಳೆ ತಿರುವಿದರು. ಆಮೇಲೆ ಕೇಳಿದರು.

“ರದ್ದು ಮಾಡೋದಾದ್ರೆ ಮೊದಲು ವಿವರಣೆ ಬರೀಬೇಕು. ಸಹಿ ಯಾರದು?”

“ನಂದು ಸಾರ್.”

“ಓದಿ ಹಾಕಿದ್ರೋ, ಓದದೆ ಹಾಕಿದ್ರೋ?”

ತಹಸೀಲ್ದಾರರು ಬೀಗದ ಕಡೆ ನೋಡಿದರು.

“ಅದರ ಕೆಳಗೆ ನನ್ನ ಸಹಿ ಇದೆ. ಅದರ ಕೆಳಗೆ ನನಗಿಂತ ಮೇಲಿನವರದು. ಯಾರೂ ಪೂರ್ತಿ ಓದಿಲ್ಲ. ಎರಡು ದೋಣಿ, ಒಂದು ವ್ಯಾನು ಹೊರಟು ಬಂದಿದೆ. ಇದೆಲ್ಲ ಸುಳ್ಳು ಅಂತ ಬರೆಯೋಕೆ ನಿಮಗೆ ಧೈರ್ಯ ಇದೆಯೇ ನಾಗಲಿಂಗಯ್ಯ? ನನಗಿಲ್ಲ. ಮೂರು ತಿಂಗಳಲ್ಲಿ ಪಿಂಚಣಿ ಬರಬೇಕು.”

ಸಾಹೇಬರು ಪೆನ್ನು ತೆಗೆದರು. ಗೋಡೆಗೆ ಕಡತ ಒತ್ತಿ ಹಿಡಿದು ಷರಾ ಬರೆದರು. ನಾನೇ ಅದನ್ನು ಆಮೇಲೆ ದಾಖಲು ಮಾಡಿದ್ದರಿಂದ ಒಂದಕ್ಷರವೂ ಮರೆತಿಲ್ಲ. ‘ಖುದ್ದು ಸ್ಥಳ ತನಿಖೆ ಮಾಡಲಾಯಿತು. ಗ್ರಾಮ ಲೆಕ್ಕಿಗರ ಮಹಜರು ಅಕ್ಷರಶಃ ಸರಿಯಾಗಿದೆ. ನೀರು ಹಿಂದೆ ಸರಿದಿದೆ. ಹಾನಿಗೊಂಡ ಊರು ಪೂರ್ತಿ ಪುನರ್ನಿರ್ಮಾಣವಾಗುವವರೆಗೆ ಸದರಿ ಸ್ಥಳಕ್ಕೆ ಯಾರೂ ಬೀಗಮುದ್ರೆ ಹಾಕತಕ್ಕದ್ದಲ್ಲ. ಪ್ರಗತಿಯನ್ನು ಆರು ತಿಂಗಳಿಗೊಮ್ಮೆ ವರದಿ ಮಾಡುವುದು.’

ಅಮೀರ್ ಬಿಗೆ ಕನ್ನಡ ಓದಲು ಬರುತ್ತಿರಲಿಲ್ಲ. “ಏನಂತೆ ಸಾಬ್?” ಎಂದು ಕ್ಯಾತಪ್ಪನನ್ನು ಕೇಳಿದಳು.

“ಮುಚ್ಚಂಗಿಲ್ಲ ಬೀಬಮ್ಮ. ಆ ಊರು ಎದ್ದು ನಿಲ್ಲೋಗಂಟ ಮುಚ್ಚಂಗೇ ಇಲ್ಲ.”

ಅವಳು ನಿಂತಲ್ಲೇ ಕುಸಿದು ಅತ್ತುಬಿಟ್ಟಳು. ನಾನು ಅರಗಿನ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಸಾಹೇಬರು ನಿವೃತ್ತರಾದರು. ತಹಸೀಲ್ದಾರರು ವರ್ಗವಾದರು. ರುದ್ರಯ್ಯನವರ ಟೆಂಟು ಎದ್ದುಹೋಯಿತು. ಆದರೆ ಕಡತಕ್ಕೆ ನಿವೃತ್ತಿಯಿಲ್ಲ. ಕರೆಂಟು ತೆಗೆಯಬಾರದೆಂಬ ಆದೇಶವನ್ನೂ ಯಾರೂ ರದ್ದು ಮಾಡಲಿಲ್ಲ. ಆರು ತಿಂಗಳಿಗೊಮ್ಮೆ ಮೇಲಿನಿಂದ ‘ಪುನರ್ನಿರ್ಮಾಣ ಎಷ್ಟರಮಟ್ಟಿಗೆ ಬಂದಿದೆ’ ಎಂದು ಜ್ಞಾಪನ ತಪ್ಪದೆ ಬರುತ್ತಿತ್ತು. ಕ್ಯಾತಪ್ಪ ತಪ್ಪದೆ ಗೋದಾಮಿಗೆ ಹೋಗಿ, ತುಂಬಿದ ಜನರ ನಡುವೆ ಐವತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದು ತರುತ್ತಿದ್ದ. ನಾನು ರವಾನಿಸುವ ಮುಂಚೆ ಈಗ ಪ್ರತಿಯೊಂದನ್ನೂ ಓದುತ್ತಿದ್ದೆ. ಎಲ್ಲ ಸಲವೂ ಒಂದೇ ವರದಿ.

‘ಸ್ಥಳ ತನಿಖೆ ಮಾಡಲಾಯಿತು. ಊರು ಇನ್ನೂ ಬಿದ್ದೇ ಇದೆ. ಸೈಕಲ್ ಶಾಪಿನವರು ನಟ್ಟು ಬಿಗಿಯುತ್ತಿದ್ದಾರೆ. ಕೆಲಸ ಪ್ರಗತಿಯಲ್ಲಿದೆ.’